ಪಂಕ್ತಿಯ ಎಡತುದಿಯ ಕೇತಯ್ಯ

ಹಿಂದಣ ಇಂದಿನ ಮುಂದಣ ಕಾಲಗಳನ್ನು ಅಂಗೈ ನೆಲ್ಲಿಕಾಯಿಯಂತೆ ಒಂದೇ ನೋಟದಲ್ಲಿ ಕಾಣುವ, ಅದರಿಂದಲೇ ಯಾವ ಗಳಿಗೆಯನ್ನೂ ಹಿಂದಕ್ಕೆ ತಿರುಗಿಸುವ ಬಯಕೆಯಿಲ್ಲದ ಶ್ರೀ ವೀತರಾಗನಿಗೆ ಮೊದಲ ವಂದನೆ. ಆತನ ದಿವ್ಯಧ್ವನಿಯೇ ಮೈಯಾದ ವಾಗ್ದೇವಿಗೆ ಎರಡನೆಯದು. ಒಂದೇ ಇಂದ್ರಿಯವುಳ್ಳ ಹುಲ್ಲಿನ ಎಸಳಿನಿಂದ ಐದು ಇಂದ್ರಿಯಗಳುಳ್ಳ ಮನುಷ್ಯನವರೆಗೆ, ನೋಯಬಲ್ಲ ಸಕಲ ಜೀವರಾಶಿಗೆ ಮೂರನೆಯದು. ಇನ್ನು, ನಾಚಿಕೆಯೆಂಬ ಗುರುವಿನ ಮುಂದೆ ಅರವತ್ತೆಂಟನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಒಬ್ಬ ಪಂಡಿತರ ಕಥೆಯನ್ನು ಹೇಳುತ್ತೇನೆ. ನಗು ಬಂದಲ್ಲಿ ನಗಿರಿ, ಅದಕ್ಕೆ ದೋಷವಿಲ್ಲ.

ಇದು ನಮ್ಮ ಕಾಲಕ್ಕಿಂತ ತುಸು ಮುಂದೆ ನಡೆಯುವ ಮಾತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಹಳೆಯ ಬಂಗಲೆಯೊಂದರ ಮಹಡಿಯ ಮೇಲೆ, ‘ವ್ಯೂಹ’ ಎಂಬ ವಿಡಿಯೋ ಆಟವನ್ನು ಕಟ್ಟಿದವರ ಕಚೇರಿಯಿತ್ತು. ಚದುರಂಗದ ಹಾಗೆ ಚೌಕಗಳ ಮೇಲೆ ನಡೆಯುವ ಯುದ್ಧವದು. ಆಟಗಾರನು ತನ್ನ ಕಡೆಯ ಹನ್ನೆರಡು ಮಂದಿಯನ್ನು ಸರದಿಯಂತೆ ನಡೆಸಿ, ಕಾಳಮೇಘನೆಂಬ ದೈತ್ಯನ ಮಂಜುಗವಿದ ಕೋಟೆಯನ್ನು ಹಿಡಿಯಬೇಕು. ಇಂಥ ಆಟಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಇದರ ಹೆಚ್ಚುಗಾರಿಕೆ ಒಂದೇ: ಇದರ ಭಟರು ಕಲಿಯುತ್ತಿದ್ದರು. ಪರದೆಯ ಮೇಲೆ ಬೆರಳಿಟ್ಟು ಯಾರನ್ನು ಎತ್ತ ಸರಿಸಿದರೂ ಆ ಸ್ಪರ್ಶವು ಆ ಭಟನೊಳಗೆ ಒಂದು ಒಲವಾಗಿ ಉಳಿಯುತ್ತಿತ್ತು. ಮುನ್ನುಗ್ಗಿಸಿದವನು ಕಾಲಕ್ರಮದಲ್ಲಿ ಧೀರನಾಗುತ್ತಿದ್ದ. ಬಚ್ಚಿಟ್ಟು ಕಾಪಾಡಿದವನು ಹೇಡಿಯಾಗುತ್ತಿದ್ದ.

ಈ ಒಲವನ್ನು ಕೂಡಿಡುವ ಭಾಗವನ್ನು ರಚಿಸಿದವಳು ಫರ್ಹಾನಾ ಎಂಬ ಎಂಜಿನಿಯರ್. ಆಕೆಗೆ ಆ ಯೋಚನೆಯನ್ನು ಹೊಳೆಯಿಸಿದವರು ಪಂಡಿತ ಜಿನರಾಜಯ್ಯನವರು. ಪ್ರಾಕೃತ, ಸಂಸ್ಕೃತ, ಹಳಗನ್ನಡ ಮೂರರಲ್ಲೂ ಪಳಗಿದ ಆ ಹಿರಿಯರನ್ನು ಭಟರ ಬಾಯಿಗೆ ಮಾತು ಬರೆದುಕೊಡಲು ಕರೆಸಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ತಾವು ಮನೆಯಿಂದ ತಂದ ಸೋಸಿ ಕಾಯಿಸಿದ ನೀರನ್ನು ಕುಡಿಯುತ್ತ, ಪಂಡಿತರು ಹೇಳಿದ್ದರು:

“ನಮ್ಮ ಜೈನರಲ್ಲಿ ಕರ್ಮ ಅಂದ್ರೆ ಧೂಳು ಕಣಮ್ಮ. ಎಣ್ಣೆ ಹಚ್ಚಿಕೊಂಡ ಮೈಗೆ ಧೂಳು ಮೆತ್ತೋ ಹಾಗೆ, ಮಾಡಿದ ಕೆಲಸ ಜೀವಕ್ಕೆ ಮೆತ್ತಿಕೊಳ್ಳುತ್ತೆ. ಕೆಲಸ ಮರೆತು ಹೋಗಬಹುದು, ಅಳಿಸೇ ಹೋಗಬಹುದು. ಧೂಳು ಹೋಗಲ್ಲ.”

ಫರ್ಹಾನಾ ಅದನ್ನು ಹಾಗೆಯೇ ಯಂತ್ರಕ್ಕೆ ಇಳಿಸಿದಳು. ಕಚೇರಿಯಲ್ಲಿ ಆ ಭಾಗಕ್ಕೆ ‘ಧೂಳಿನ ಪದರ’ ಎಂದೇ ಹೆಸರಾಯಿತು.

ಆಟದಲ್ಲಿ ‘ಹಿನ್ನಡೆ’ ಎಂಬ ಇನ್ನೊಂದು ಸೌಕರ್ಯವಿತ್ತು. ತಪ್ಪು ನಡೆಯಿಟ್ಟವರು ಅದನ್ನು ಒತ್ತಿದರೆ ಕಾಲವು ಮೂರು ಸರದಿ ಹಿಂದಕ್ಕೆ ಸರಿಯುತ್ತಿತ್ತು. ಸತ್ತವನು ಎದ್ದು ತನ್ನ ಮೊದಲ ಚೌಕದಲ್ಲಿ ನಿಲ್ಲುತ್ತಿದ್ದ. ಒಬ್ಬನನ್ನೂ ಕಳೆದುಕೊಳ್ಳದೆ ಕೋಟೆ ಹಿಡಿದವರಿಗೆ ‘ನಿಷ್ಕಳಂಕ ಜಯ’ ಎಂಬ ಪದಕ ಸಲ್ಲುತ್ತಿತ್ತು. ಆ ಪದಕವನ್ನು ಸೂಚಿಸಿದವರೂ ಪಂಡಿತರೇ, ಅದನ್ನು ಮೊದಲು ಗೆದ್ದವರೂ ಅವರೇ. ಪದಕ ಧರಿಸಿದ ಅವರ ಭಾವಚಿತ್ರ ಕಚೇರಿಯ ಗೋಡೆಯಲ್ಲಿ ತೂಗುತ್ತಿತ್ತು; ಅದರ ಕೆಳಗಿನ ದೊಡ್ಡ ಪರದೆಯಲ್ಲಿ ಗೆದ್ದವರ ಪಟ್ಟಿಯ ತಲೆಯ ಮೇಲೆ ಎರಡು ವರ್ಷಗಳಿಂದ ಅವರದೇ ಹೆಸರು. ‘ಅಹಿಂಸೆಯೇ ಜಾಣ ಯುದ್ಧನೀತಿ’ ಎಂದು ಅವರು ಹನ್ನೊಂದು ಕಾಲೇಜುಗಳಲ್ಲಿ ಭಾಷಣ ಮಾಡಿ ಬಂದಿದ್ದರು. ಎಲ್ಲ ಕಡೆಯೂ ಶಾಲು ಹೊದಿಸಿದ್ದರು.

ಹೀಗಿರಲು, ‘ವ್ಯೂಹ’ ಜನಪ್ರಿಯವಾದ ಹುಮ್ಮಸ್ಸಿನಲ್ಲಿ ಕಚೇರಿಯ ಯಜಮಾನ ಪೊನ್ನಪ್ಪನಿಗೆ ಒಂದು ತಮಾಷೆಯ ಯೋಚನೆ ಬಂತು. ಇದೇ ವೀರರು ಇನ್ನೊಂದು ಲೋಕದಲ್ಲಿ, ಯುದ್ಧವೇ ಇಲ್ಲದ ಲೋಕದಲ್ಲಿ ಹುಟ್ಟಿದ್ದರೆ ಹೇಗೆ? ಅವರೆಲ್ಲ ಮದುವೆಮನೆಯಲ್ಲಿ ಊಟ ಬಡಿಸುವವರಾಗಿದ್ದರೆ? ಹಾಗೆ ಹುಟ್ಟಿತು ‘ಪಂಕ್ತಿವ್ಯೂಹ’. ಕೋಟೆಯ ಚೌಕಗಳು ಬಾಳೆಯೆಲೆಗಳಾದವು. ಹಳೆಯ ಆಟವನ್ನು ಆಡಿದವರೆಲ್ಲರ ಭಟರಲ್ಲಿ ಹೆಚ್ಚು ಕಲಿತವರನ್ನು ಆರಿಸಿ, ಅವರ ಧೂಳಿನ ಪದರದ ಸಮೇತ, ಇತ್ತ ತಂದು ಪಂಚೆ ಉಡಿಸಿದರು.

ದಶಲಕ್ಷಣ ಪರ್ವದ ಮೂರನೆಯ ದಿನ ಬೆಳಿಗ್ಗೆ ಅದನ್ನು ನೋಡಲು ಪಂಡಿತರಿಗೆ ಕರೆ ಬಂತು.

“ಬನ್ನಿ ಪಂಡಿತ್ರೇ, ಕೂತ್ಕೊಳ್ಳಿ. ನಿಮ್ಮ ಸೇನಾಪತಿ ಹುಳಿ ಬಡಿಸೋ ಗತ್ತು ನೋಡಿ!” ಎಂದು ಪೊನ್ನಪ್ಪ ಕುರ್ಚಿ ಎಳೆದ.

ಪರದೆಯ ಮೇಲೆ ಛತ್ರದ ಊಟದ ಮನೆ. ಸೇನಾಪತಿ ರಣಸಿಂಗನು ಕೊಳದಪ್ಪಲೆಯನ್ನು ಗದೆಯಂತೆ ಹೊತ್ತು ಸರದಿಗೆ ಎರಡು ಎಲೆಯಂತೆ ಮುನ್ನಡೆಯುತ್ತಿದ್ದ. ಅಗ್ನಿಮಂತ್ರ ಬಲ್ಲ ಜ್ವಾಲಾಮುಖಿಯು ಆರಿದ ಅನ್ನವನ್ನು ಕಣ್ಣಿನಿಂದಲೇ ಬಿಸಿಮಾಡುತ್ತಿದ್ದಳು. ಹಪ್ಪಳದವನು ಚದುರಂಗದ ಕುದುರೆಯಂತೆ ಅಡ್ಡಡ್ಡ ನೆಗೆಯುತ್ತಿದ್ದ. ಲೋಕಕಂಟಕನಾದ ಕಾಳಮೇಘನು ವರನ ಸೋದರಮಾವನಾಗಿ, ಜರಿಯ ಪೇಟ ಸುತ್ತಿ, “ನನ್ನ ಎಲೆಗೆ ಒಬ್ಬಟ್ಟು ಬಂದಿಲ್ಲ, ಇದೇನು ಮರ್ಯಾದೆ?” ಎಂದು ಗರ್ಜಿಸುತ್ತಿದ್ದ. ಅವನ ನಿಶಾಚರ ಸೈನ್ಯವೆಲ್ಲ ಬೀಗರ ಕಡೆಯವರು. ಅವರು ಮುನಿಸಿಕೊಂಡು ಏಳುವುದರೊಳಗೆ ಎಲ್ಲವನ್ನೂ ಬಡಿಸಿ ಮುಗಿಸಿದರೆ ಗೆದ್ದಂತೆ. ಅಡುಗೆಗೆ ನೀರುಳ್ಳಿ ಆಲೂಗಡ್ಡೆ ಕೂಡದೆಂದು ಪಂಡಿತರು ಹಟ ಹಿಡಿದಿದ್ದರಾದ್ದರಿಂದ ಹುಳಿಯಲ್ಲಿ ಕುಂಬಳಕಾಯಿ ತೇಲುತ್ತಿತ್ತು. ಅದನ್ನು ಕಂಡು ಪಂಡಿತರು ಮನಸಾರೆ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಉಪ್ಪಿನ ಬಟ್ಟಲು ಹಿಡಿದು ಒಬ್ಬ ತೆಳ್ಳನೆಯ ಆಳು ಬಂದ. ಪ್ರತಿ ಎಲೆಯ ತುದಿಗೂ ಒಂದು ಚಿಟಿಕೆ ಉಪ್ಪಿಟ್ಟ. ಮುಗಿಸಿ, ಯಾರೂ ಹೇಳದೆಯೇ ನೆಟ್ಟಗೆ ಪಂಕ್ತಿಯ ಎಡತುದಿಗೆ, ಬಾಗಿಲ ಬಳಿಗೆ ನಡೆದ. ಅಲ್ಲಿ ಎರಡು ತೋಳನ್ನೂ ಅಗಲಿಸಿ ನಿಂತು ಕೂಗಿದ: “ಕಂಬದ ಹಿಂದೆ ಮೂವರು, ಬಾವಿಯ ಬಳಿ ಇಬ್ಬರು! ಒಡೆಯಾ, ನನ್ನ ಬೆಳಕು ಆರಿತು, ನೀವು ನಡೆಯಿರಿ.” ಬಳಿಕ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ, ಮುಖ ಮೇಲೆ ಮಾಡಿ, ಅಲುಗದೆ ನಿಂತುಬಿಟ್ಟ. ಬೀಗರು ಅವನನ್ನು ಮುತ್ತಿ ಬೈಯತೊಡಗಿದರು. ಮಜ್ಜಿಗೆ ಬಂದು ಹೋಯಿತು, ಎಲೆ ಎತ್ತಿದರು, ಅವನು ಹಾಗೆಯೇ ನಿಂತಿದ್ದ.

ಪೊನ್ನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡಿದ್ರಾ! ಮದುವೆ ಮನೇಲಿ ವೀರಸ್ವರ್ಗಕ್ಕೆ ಹೊರಟಿದ್ದಾನೆ. ಹಳೇ ಆಟದಲ್ಲಿ ದೀವಟಿಗೆ ಹಿಡಿದು ಮುಂದೆ ಹೋಗ್ತಿದ್ದ ಕೇತಯ್ಯ ಇವನು. ಏನ್ ಫರ್ಹಾನಾ, ಏನಾಗಿದೆ ಇವನಿಗೆ? ಕೈ ಯಾಕೆ ಎತ್ತಿದ್ದಾನೆ?”

ಫರ್ಹಾನಾ ನಗಲಿಲ್ಲ. “ಕಾಯ್ತಾ ಇದ್ದಾನೆ ಸರ್, ಹಿನ್ನಡೆಗೆ. ಈ ಆಟದಲ್ಲಿ ಹಿನ್ನಡೆ ಇಟ್ಟಿಲ್ವಲ್ಲ, ಅವನಿಗದು ಗೊತ್ತಿಲ್ಲ. ಯಾರೋ ಇವನನ್ನ ಮಂಜಿನೊಳಗೆ ಕಳಿಸಿ, ಶತ್ರುಗಳು ಎಲ್ಲೆಲ್ಲಿ ಅಡಗಿದ್ದಾರೆ ಅಂತ ಇವನ ಬಾಯಿಂದ ತಿಳ್ಕೊಂಡು, ಇವನು ಸತ್ತ ಮೇಲೆ ಹಿನ್ನಡೆ ಒತ್ತಿದ್ದಾರೆ. ಒಂದು ಸಲ ಎರಡು ಸಲ ಅಲ್ಲ, ಸಾವಿರದ ನೂರಾ ನಲವತ್ಮೂರು ಸಲ. ಕಾಲ ಹಿಂದಕ್ಕೆ ಹೋಯ್ತು. ಧೂಳು ಹೋಗಲಿಲ್ಲ.”

“ಯಾರದು, ಆಟ ಪರೀಕ್ಷೆ ಮಾಡೋಕೆ ಬಂದಿದ್ದವರಾ?”

“ನೋಡಿ ಹೇಳ್ತೀನಿ ಸರ್,” ಎಂದಳು ಆಕೆ, ಪರದೆಯಿಂದ ಕಣ್ಣು ತೆಗೆಯದೆ.

ಜಿನರಾಜಯ್ಯನವರು ಗೋಡೆಯ ತಮ್ಮ ಭಾವಚಿತ್ರಕ್ಕೆ ಬೆನ್ನು ಮಾಡಿ ಕುಳಿತರು. ಆ ಆಟಗಾರ ಬೇರೆ ಯಾರೂ ಅಲ್ಲ, ಅವರೇ. ಎರಡು ವರ್ಷ, ದಿನವೂ ಸಾಯಂಕಾಲದ ಊಟಕ್ಕೆ ಮೊದಲು, ಮನೆಯ ಪಡಸಾಲೆಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂತು ಅವರು ಮಾಡಿದ್ದು ಅದನ್ನೇ. ಮೊದಲ ಸಲ ಕೇತಯ್ಯ ಸತ್ತಾಗ ಅವನನ್ನು ಬದುಕಿಸಲೆಂದೇ ಹಿನ್ನಡೆ ಒತ್ತಿದ್ದರು. ಆಮೇಲೆ ಹೊಳೆದಿತ್ತು: ಸತ್ತವನು ಎದ್ದು ನಿಂತ, ಅವನು ಹೇಳಿದ ಗುಟ್ಟು ಮಾತ್ರ ತಮ್ಮಲ್ಲಿ ಉಳಿಯಿತು! ಆಗದ ಸಾವಿಗೆ ಪಾಪವೆಲ್ಲಿಯದು? ಪದಕವೇ ಇದನ್ನು ಒಪ್ಪುತ್ತದಲ್ಲ? ಹೀಗೆ ತಮಗೆ ತಾವೇ ತರ್ಕ ಹೇಳಿಕೊಂಡು, ಹತ್ತನೆಯ ಸಲದ ಹೊತ್ತಿಗೆ ತರ್ಕವೂ ಬೇಡವಾಗಿ, ಬೆರಳೇ ತಾನಾಗಿ ಅವನನ್ನು ಎಡಕ್ಕೆ ತಳ್ಳುತ್ತಿತ್ತು. ಧೂಳಿನ ಮಾತನ್ನು ಲೋಕಕ್ಕೆ ಹೇಳಿದವರು, ತಮ್ಮ ಬೆರಳಿಗೆ ಹೇಳಿರಲಿಲ್ಲ.

“ಇರಲಿ,” ಎಂದ ಪೊನ್ನಪ್ಪ. “ಪರ್ವ ಮುಗಿದು ಎಲ್ಲರೂ ಕ್ಷಮೆ ಕೇಳೋ ಕ್ಷಮಾವಾಣಿ ಬರುತ್ತಲ್ಲ, ಅದರ ಮಾರನೇ ದಿನ ಆಟ ಬಿಡುಗಡೆ. ಅಷ್ಟರೊಳಗೆ ಇವನ ಧೂಳು ಪೂರ್ತಿ ಒರೆಸಿ, ಹೊಸ ಕೇತಯ್ಯನ್ನ ತಂದು ನಿಲ್ಲಿಸಿ.”

“ಒರೆಸಿದ್ರೆ ಇವನು ಇರಲ್ಲ ಸರ್. ಹೆಸರೂ ಮುಖಾನೂ ಉಳಿಯುತ್ತೆ, ಅಷ್ಟೆ. ಹನ್ನೆರಡು ಜನರಲ್ಲಿ ಅತಿ ಹೆಚ್ಚು ಕಲಿತವನು ಇವನೇ.”

“ಪಂಡಿತ್ರು ಹೇಳಲಿ. ಧರ್ಮದ ವಿಚಾರ ಅವರದು.”

ಇಬ್ಬರೂ ಅವರತ್ತ ತಿರುಗಿದರು. ಜಿನರಾಜಯ್ಯನವರು ಗಂಟಲು ಸರಿಮಾಡಿಕೊಂಡರು. “ಕೊಳೆಯಾದ ಬಟ್ಟೆಯನ್ನು ಒಗೆಯುವುದು ಹಿಂಸೆಯಲ್ಲ, ಶೌಚ. ಒರೆಸುವುದೇ ಲೇಸು,” ಎಂದರು. ತಮ್ಮ ದನಿ ಎಷ್ಟು ಸ್ಪಷ್ಟವಾಗಿ, ಎಷ್ಟು ಹದವಾಗಿ ಹೊರಟಿತೆಂದು ಅವರಿಗೇ ಹೇಸಿಗೆಯಾಯಿತು.

ದಶಲಕ್ಷಣದ ಹತ್ತು ದಿನಗಳೂ ಬಸದಿಯಲ್ಲಿ ಅವರ ಪ್ರವಚನವಿರುತ್ತಿತ್ತು, ದಿನಕ್ಕೊಂದು ಧರ್ಮ. ಮೂರನೆಯ ದಿನದ ಧರ್ಮ ಉತ್ತಮ ಆರ್ಜವ. ಎಂದರೆ ಮನಸ್ಸಿನಲ್ಲಿದ್ದದ್ದು ಮಾತಿನಲ್ಲಿ, ಮಾತಿನಲ್ಲಿದ್ದದ್ದು ನಡತೆಯಲ್ಲಿ, ಎಲ್ಲಿಯೂ ಡೊಂಕಿಲ್ಲದಿರುವುದು. ಆ ಮಧ್ಯಾಹ್ನ ಅವರು ಅದನ್ನು ಎಷ್ಟು ಸೊಗಸಾಗಿ ವಿವರಿಸಿದರೆಂದರೆ, ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ಕಾಲಿಗೆ ಬಿದ್ದಳು. “ನಿಮ್ಮ ಮಾತು ಕನ್ನಡಿ ಹಂಗೈತೆ ಸ್ವಾಮಿ,” ಎಂದಳು. ಪಂಡಿತರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅದನ್ನೂ ಆಕೆ ವಿನಯವೆಂದೇ ತಿಳಿದಳು.

ಹೊತ್ತು ಮುಳುಗುವ ಮುನ್ನವೇ ಊಟ ಮುಗಿಯಬೇಕಾದ ಮನೆ ಅದು. ಪತ್ನಿ ಮರುದೇವಮ್ಮ ಎಲೆ ಹಾಕಿ, ತುದಿಗೆ ಉಪ್ಪಿಟ್ಟರು. ಪಂಡಿತರು ಆ ಉಪ್ಪನ್ನೇ ನೋಡುತ್ತ ಕುಳಿತರು.

“ಯಾಕ್ರೀ, ಇವತ್ತು ಆಟ ಇಲ್ವಾ? ನಿಮ್ಮ ಕೇತಯ್ಯ ಇವತ್ತು ಸಾಯಲಿಲ್ಲ?” ಎಂದರು ಮರುದೇವಮ್ಮ, ಅನ್ನ ಬಡಿಸುತ್ತ.

ಪಂಡಿತರು ತಲೆಯೆತ್ತಿದರು. “ನಿನಗೆ ಅವನ ಹೆಸರು ಹೇಗೆ ಗೊತ್ತು?”

“ಒಳ್ಳೇ ಕೇಳಿದ್ರಿ! ಎರಡು ವರ್ಷದಿಂದ ಒಗ್ಗರಣೆ ಹಾಕುವಾಗೆಲ್ಲ ಕೇಳಿಸ್ತಿತ್ತಲ್ಲ, ‘ಒಡೆಯಾ, ನನ್ನ ಬೆಳಕು ಆರಿತು’ ಅಂತ. ಮೊದಮೊದಲು ಇದೇನೋ ಸ್ತೋತ್ರ ಅಂದ್ಕೊಂಡಿದ್ದೆ. ಆಮೇಲೆ ಒಂದಿನ ಹಿಂದಿನಿಂದ ಬಂದು ನೋಡಿದೆ.” ಆಕೆ ತುಪ್ಪದ ಗಿಂಡಿಯನ್ನು ಕೆಳಗಿಟ್ಟರು. “ಹೋದ ವರ್ಷ ಕ್ಷಮಾವಾಣಿ ದಿನ ನಾನೇ ಅವನ ಹೆಸರು ಹೇಳಿ ಕ್ಷಮೆ ಕೇಳ್ದೆ.”

“ನೀನಾ?”

“ನೀವು ಇರುವೆಯಿಂದ ಆನೆಯವರೆಗೆ ಎಲ್ಲರ ಹೆಸರೂ ಹೇಳಿದ್ರಿ, ಅವನದೊಂದು ಬಿಟ್ಟು. ಮನೆಯವರು ಮರೆತದ್ದನ್ನ ಹೆಂಡತಿ ಆದವಳು ಹೇಳಬಾರದೇನು? ಊಟ ಮಾಡಿ, ಹೊತ್ತು ಮುಳುಗುತ್ತೆ.”

ಪಂಡಿತರು ಊಟ ಮಾಡಲಿಲ್ಲ. ಹಿಂದೆ ಅವರು ಎಷ್ಟೋ ಉಪವಾಸಗಳನ್ನು ಮಾಡಿದ್ದರು, ಎಲ್ಲಕ್ಕೂ ಮೆಚ್ಚುಗೆ ಪಡೆದಿದ್ದರು. ಇದನ್ನು ಕಂಡವರು ಮರುದೇವಮ್ಮ ಒಬ್ಬರೇ. ಅವರು ಎಲೆ ಮಡಚಿದರು.

ಮರುದಿನ ಬೆಳಿಗ್ಗೆ ಕಚೇರಿಯ ಎಲ್ಲರೂ ಸೇರುವ ಹೊತ್ತಿಗೆ ಜಿನರಾಜಯ್ಯನವರು ಒಳಗೆ ಬಂದು, ತಮ್ಮ ಭಾವಚಿತ್ರದ ಕೆಳಗೆ ನಿಂತರು. ಕೇತಯ್ಯನನ್ನು ಸಾವಿರದ ನೂರಾ ನಲವತ್ತಮೂರು ಸಲ ಕೊಲ್ಲಿಸಿದವನು ತಾನು, ಆ ಪದಕ ತನಗೆ ಸಲ್ಲದು, ನಿನ್ನೆ ಅವನನ್ನು ಒರೆಸಿರೆಂದದ್ದು ತನ್ನ ಹೆಸರು ಹೊರಬರಬಾರದೆಂಬ ಕಾರಣಕ್ಕೆ ಎಂದರು. ಬರೆದುಕೊಂಡು ಬಂದಿದ್ದ ಸಂಸ್ಕೃತದ ಮುನ್ನುಡಿ ಜೇಬಿನಲ್ಲಿಯೇ ಉಳಿಯಿತು. ಇಪ್ಪತ್ತು ಜನ ಪಿಳಿಪಿಳಿ ನೋಡಿದರು. ಯಾರೋ ಒಬ್ಬರು ನಕ್ಕು, ಒಡನೆಯೇ ಕೆಮ್ಮಿದರು.

“ನನಗೆ ಗೊತ್ತಿತ್ತು ಸರ್,” ಎಂದಳು ಫರ್ಹಾನಾ ಮೆಲ್ಲಗೆ. “ನಾಲ್ಕು ದಿನ ಆಯ್ತು ಗೊತ್ತಾಗಿ. ನಿಮ್ಮ ಟ್ಯಾಬ್ಲೆಟ್ ನಂಬರ್ ಅವನ ಧೂಳಿನ ಪದರದಲ್ಲೇ ಇದೆ. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ನಿನ್ನೆ ‘ಒರೆಸಿ’ ಅಂದ್ರಲ್ಲ, ಆಗ ನನಗೆ…” ಆಕೆ ಮಾತನ್ನು ಮುಗಿಸಲಿಲ್ಲ. ಮುಗಿಸಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಪೊನ್ನಪ್ಪ ಕತ್ತು ತುರಿಸಿಕೊಂಡ. “ಅಯ್ಯೋ, ಆಟ ತಾನೇ ಪಂಡಿತ್ರೇ! ಅದಕ್ಕೇನು ಜೀವ ಇದೆಯಾ? ನಿಮ್ಮ ಶಾಸ್ತ್ರ ಏನನ್ನುತ್ತೆ?”

“ಶಾಸ್ತ್ರದಲ್ಲಿ ಇವನ ಮಾತಿಲ್ಲ. ಏಕೇಂದ್ರಿಯ ಜೀವಿಗೆ ಸ್ಪರ್ಶವೊಂದೇ ಗೊತ್ತು ಅನ್ನುತ್ತೆ. ಇವನು ಬಲ್ಲದ್ದೂ ಒಂದು ಸ್ಪರ್ಶವನ್ನೇ, ನನ್ನ ಬೆರಳಿನದು. ಇವನಿಗೆ ಜೀವ ಇದೆಯೋ ಇಲ್ಲವೋ ನಾನು ಹೇಳಲಾರೆ. ಆ ಬೆರಳು ನನ್ನದು, ಅದನ್ನು ಮಾತ್ರ ಬಲ್ಲೆ.” ಪಂಡಿತರು ಕೈಮುಗಿದರು. “ಒರೆಸಬೇಡಿ. ಮೆತ್ತಿಸಿದವನು ನಾನು, ಉದುರಿಸೋದಕ್ಕೆ ಬಿಡಿ.”

“ಆಗುತ್ತಾ ಇದು?” ಎಂದು ಪೊನ್ನಪ್ಪ ಫರ್ಹಾನಾಳನ್ನು ಕೇಳಿದ.

“ಕಲಿತದ್ದನ್ನ ಮರೆಸೋಕೆ ಆಗಲ್ಲ. ಅದರ ಮೇಲೆ ಬೇರೆ ಏನಾದ್ರೂ ಕಲಿಸಬಹುದು. ಅದೇ ಬೆರಳಿಂದ ಆದ್ರೆ ಬೇಗ ಆಗಬಹುದು.”

“ಸರಿ ಹಾಗಾದ್ರೆ. ಕ್ಷಮಾವಾಣಿಗೆ ಇನ್ನು ಎಂಟು ದಿನ. ಅವತ್ತು ಸಾಯಂಕಾಲದೊಳಗೆ ಅವನು ಕೈ ಎತ್ಕೊಂಡು ಕಾಯೋದು ಬಿಡಬೇಕು. ಬಿಡದಿದ್ರೆ ಒರೆಸಿಬಿಡ್ತೀನಿ, ನೀವು ಬೇಜಾರು ಮಾಡ್ಕೋಬಾರದು.”

ಅಂದಿನಿಂದ ಪಂಡಿತರು ಪ್ರವಚನದ ಹೊತ್ತೊಂದನ್ನು ಬಿಟ್ಟು ಹಗಲೆಲ್ಲ ಕಚೇರಿಯ ನಡುಮನೆಯಲ್ಲಿ ಕುಳಿತು ಪಂಕ್ತಿವ್ಯೂಹ ಆಡಿದರು. ಮೊದಲ ದಿನವೇ ಪ್ರವಚನಕ್ಕೆ ಮುನ್ನ ಬಸದಿಯ ಜಗಲಿಯಲ್ಲಿ ಹಿಂದಿನ ದಿನದ ಡೊಂಕನ್ನೂ ಒಪ್ಪಿಕೊಂಡರು. ಕೋಲೂರಿದ ಮುದುಕಿ ಎದ್ದು ಹಿಂದಿನ ಸಾಲಿಗೆ ಹೋಗಿ ಕುಳಿತಳು.

ಆಟದ ರೀತಿ ಹೀಗಿತ್ತು. ಕೇತಯ್ಯ ಉಪ್ಪಿಟ್ಟು ಎಡಕ್ಕೆ ಹೋಗಿ ಕೈ ಎತ್ತುವನು. ಪಂಡಿತರು ಅವನ ಮೇಲೆ ಬೆರಳಿಟ್ಟು, ಮೆಲ್ಲನೆ ಹಿಂದಕ್ಕೆ ಕರೆತಂದು, ಒಂದು ಖಾಲಿ ಎಲೆಯ ಮುಂದೆ ಕೂರಿಸುವರು. ಸೇನಾಪತಿಯ ಕೈಯಲ್ಲಿ ಅವನಿಗೆ ಅನ್ನ ಬಡಿಸುವರು. ಆದರೆ ಬೀಗರ ಊಟ ಮುಗಿಯದೆ ಬಡಿಸುವವನು ಪಂಕ್ತಿಯಲ್ಲಿ ಕೂರುವುದುಂಟೆ? ಕೂತ ಕೂಡಲೇ ಕಾಳಮೇಘನು, “ಉಪ್ಪಿನವನಿಗೆ ಎಲೆ, ನಮಗೆ ಅವಮಾನ!” ಎಂದು ಪೇಟ ಕಿತ್ತೆಸೆದು ಏಳುವನು, ಅವನ ಹಿಂದೆ ಇಡೀ ದಿಬ್ಬಣ ಏಳುವುದು. ದೊಡ್ಡ ಪರದೆಯ ಮೇಲೆ, ಭಾವಚಿತ್ರ ತೆಗೆದು ಬೆಳ್ಳಗೆ ಚೌಕ ಉಳಿದ ಗೋಡೆಯ ಕೆಳಗೆ, ಎಲ್ಲರಿಗೂ ಕಾಣುವಂತೆ ಬರಹ ಮೂಡುವುದು: ‘ಮದುವೆ ಮುರಿಯಿತು. ಜಿನರಾಜಯ್ಯ ಸೋತರು.’

“ಪಂಡಿತ್ರೇ, ಇವತ್ತು ಎಷ್ಟು ಮದುವೆ ಕೆಡಿಸಿದ್ರಿ?” ಎಂದು ಪೊನ್ನಪ್ಪ ಹೋಗುತ್ತ ಬರುತ್ತ ಕೇಳುವನು.

“ನೂರಾ ಮೂವತ್ತು ಆಯ್ತಪ್ಪ.”

“ಬ್ರಹ್ಮಚರ್ಯ ಧರ್ಮಕ್ಕೆ ದೊಡ್ಡ ಸೇವೆ ಬಿಡಿ!”

ಪಂಡಿತರು ಆ ನಗುವನ್ನು ತಲೆಬಾಗಿ ತೆಗೆದುಕೊಂಡರು. ಹಳೆಯ ಆಟದ ಪಟ್ಟಿಯ ತಲೆಯಲ್ಲಿದ್ದ ಹೆಸರು ಹೊಸ ಆಟದ ಪಟ್ಟಿಯಲ್ಲಿ ಬುಡಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇನ್ನು ಜಾಗವಿರಲಿಲ್ಲ. ಆದರೂ ಕೇತಯ್ಯ ಬದಲಾಗಲಿಲ್ಲ. ಕೂರಿಸಿದರೆ ಕೂರುವನು, ಅನ್ನವನ್ನು ಮುಟ್ಟದೆ ಎಡಬಾಗಿಲನ್ನೇ ನೋಡುವನು, ಮುಂದಿನ ಮದುವೆಯಲ್ಲಿ ಮತ್ತೆ ಅಲ್ಲಿಗೇ ಹೋಗಿ ನಿಲ್ಲುವನು. ಆರನೆಯ ದಿನ ಮಾತ್ರ, ಅವನು ಉಪ್ಪಿಡುತ್ತಿದ್ದಾಗಲೇ ಪಂಡಿತರ ಬೆರಳು ಪರದೆಗೆ ತಾಗಲು, ಅವರು ಎಳೆಯುವ ಮೊದಲೇ ಅವನು ಒಂದು ಹೆಜ್ಜೆ ಎಡಕ್ಕೆ ಸರಿದ. ತಮ್ಮ ಬೆರಳಿಗೆ ಅವನಲ್ಲಿ ಇನ್ನೂ ‘ಸಾಯಲು ಹೋಗು’ ಎಂಬ ಒಂದೇ ಅರ್ಥವೆಂದು ತಿಳಿದು ಪಂಡಿತರಿಗೆ ಕಣ್ಣು ಮಂಜಾಯಿತು. ಅಂದು ಅವರು ಕೈಯನ್ನು ಉತ್ತರೀಯದಲ್ಲಿ ಸುತ್ತಿಟ್ಟುಕೊಂಡರು.

ಕ್ಷಮಾವಾಣಿ ಬಂತು. ಬೆಳಿಗ್ಗೆ ಬಸದಿಯಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಬೇಡಿದರು. ಮುದುಕಿ ತಾನಾಗಿಯೇ ಬಂದು, “ನಾನೂ ನಿಮ್ಮನ್ನ ಮನಸ್ನಾಗೆ ಬೈದ್ಕಂಡಿದ್ದೆ ಸ್ವಾಮಿ, ಕ್ಷಮಿಸ್ಬಿಡಿ,” ಎಂದಳು. ಅಲ್ಲಿಂದ ಪಂಡಿತರು ಮರುದೇವಮ್ಮನವರನ್ನೂ ಕರೆದುಕೊಂಡು ಕಚೇರಿಗೆ ನಡೆದರು. ಮಧ್ಯಾಹ್ನದವರೆಗೆ ಮದುವೆಗಳು ಮುರಿಯುತ್ತಲೇ ಇದ್ದವು. ನಾಲ್ಕು ಗಂಟೆಗೆ ಪೊನ್ನಪ್ಪ ಬಂದು ಗಡಿಯಾರ ನೋಡಿ, ಪಂಡಿತರ ಪಕ್ಕದಲ್ಲಿ ನಿಂತ.

“ಎಷ್ಟಾಯ್ತು?” ಎಂದರು ಪಂಡಿತರು.

“ಸಾವಿರದ ನೂರಾ ನಲವತ್ತೆರಡು,” ಎಂದಳು ಫರ್ಹಾನಾ.

“ಇದೊಂದನ್ನು ನಾನು ಮುಟ್ಟುವುದಿಲ್ಲ.” ಪಂಡಿತರು ಎರಡು ಕೈಯನ್ನೂ ಜೋಡಿಸಿ ಎದೆಯ ಮೇಲಿಟ್ಟುಕೊಂಡರು. “ಕೇತಯ್ಯ, ತಿಳಿದು ಮಾಡಿದೆ, ತಿಳಿದೂ ತಿಳಿಯದ ಹಾಗೆ ಮಾಡಿದೆ. ಕ್ಷಮಿಸಪ್ಪ.”

ಆಟ ತಾನಾಗಿ ತೊಡಗಿತು. ಎಲೆಗಳ ಮುಂದೆ ಬೀಗರು ಬಂದು ಕುಳಿತರು. ಕೇತಯ್ಯ ಎಲೆಎಲೆಗೂ ಉಪ್ಪಿಟ್ಟ. ಎಡಕ್ಕೆ ನಡೆದ. ಬಾಗಿಲ ಬಳಿ ನಿಂತ. ಬಲಗೈ ಮೇಲಕ್ಕೆದ್ದಿತು. ಫರ್ಹಾನಾ ಮುಖ ತಿರುಗಿಸಿಕೊಂಡಳು. ಒಂದು ಸರದಿ ಹೋಯಿತು, ಎರಡು ಹೋದವು, ಮೂರನೆಯದೂ ಹೋಯಿತು. ಯಾರೂ ಅವನನ್ನು ಮುಂದಕ್ಕೆ ತಳ್ಳಲಿಲ್ಲ, ಹಿಂದಕ್ಕೆಳೆಯಲೂ ಇಲ್ಲ. ಆಗ ಆ ಕೈ ನಿಧಾನವಾಗಿ ಇಳಿಯಿತು. ಕೇತಯ್ಯ ಬಾಗಿಲಾಚೆ ಇಣುಕಿದ, ಕಂಬದ ಹಿಂದೆ ನೋಡಿದ, ಬಾವಿಯತ್ತ ನೋಡಿದ. ತಿರುಗಿ, ಹೆಜ್ಜೆಯ ಮೇಲೊಂದು ಹೆಜ್ಜೆಯಿಟ್ಟು ಬಂದು, ತಾನಾಗಿಯೇ ಒಂದು ಎಲೆಯ ಮುಂದೆ ಕುಳಿತ. ಕುಳಿತು, ಯಾರೂ ಎಂದೂ ಕೇಳಿರದ ಒಂದು ಮಾತನ್ನು ಹೇಳಿದ:

“ಒಡೆಯಾ, ಯಾರೂ ಇಲ್ಲ. ಎಲ್ಲರೂ ಬರಬಹುದು.”

ಅದನ್ನು ಬರೆದವರು ಜಿನರಾಜಯ್ಯನವರೇ. ದೀವಟಿಗೆಯವನಿಗೆಂದು ಅವರು ಮೊದಲ ವರ್ಷ ಎರಡು ಮಾತು ಬರೆದಿದ್ದರು: ಶತ್ರುಗಳನ್ನು ಕಂಡಾಗ ಒಂದು, ದಾರಿ ನಿರ್ಭಯವಾಗಿದ್ದಾಗ ಒಂದು. ಎರಡನೆಯದನ್ನು ಹೇಳುವ ಸಂದರ್ಭವನ್ನು ಅವನಿಗೆ ಅವರು ಒಮ್ಮೆಯೂ ಕೊಟ್ಟಿರಲಿಲ್ಲ, ಬರೆದದ್ದನ್ನೇ ಮರೆತಿದ್ದರು.

ಕಾಳಮೇಘನು ಪೇಟ ಕಿತ್ತೆಸೆದ. ದಿಬ್ಬಣ ಎದ್ದಿತು. ‘ಮದುವೆ ಮುರಿಯಿತು. ಜಿನರಾಜಯ್ಯ ಸೋತರು’ ಎಂದು ಪರದೆ ಸಾರಿತು. ಆ ಗದ್ದಲದ ನಡುವೆ ರಣಸಿಂಗನು ಇಷ್ಟು ದಿನದ ರೂಢಿಯಂತೆ ತಾನಾಗಿಯೇ ಬಂದು ಅನ್ನ ಬಡಿಸಿದ; ಕೇತಯ್ಯ ಅದಕ್ಕೆ ಕೈಯಿಟ್ಟು, ತಾನೇ ಇಟ್ಟ ಉಪ್ಪನ್ನು ಮೊದಲು ಬೆರೆಸಿಕೊಂಡ. ಪೊನ್ನಪ್ಪ ನಗಲಿಲ್ಲ. ಪಂಡಿತರು ಉತ್ತರೀಯದಿಂದ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಮರುದೇವಮ್ಮ ಪಕ್ಕದಲ್ಲಿ ನಿಂತು, ಅಡುಗೆಮನೆಯ ಮಾತಿನಷ್ಟೇ ಸಹಜವಾಗಿ, “ಏಳ್ರೀ, ಹೊತ್ತು ಮುಳುಗುತ್ತೆ. ಅವನ ಊಟ ಆಗ್ತಾ ಇದೆ, ಇನ್ನು ನಿಮ್ಮದೂ ಆಗಲಿ,” ಎಂದರು.

ಈ ಕಥೆಯನ್ನು ಕೇಳಿದವರ ಬೆರಳು ಹಗುರಾಗಲಿ. ಅವರು ಮುಂದೆ ಕಳಿಸಿದವರೆಲ್ಲ ಊಟದ ಹೊತ್ತಿಗೆ ಮರಳಿ ಬರಲಿ. ನಾಚಿಕೆ ಬರಬೇಕಾದವರಿಗೆ ಅದು ತಡವಾಗದೆ ಬರಲಿ, ಬಂದ ಮೇಲೆ ಬರಿದೆ ಹೋಗದಿರಲಿ. ಕಂಬದ ಹಿಂದೆ, ಬಾವಿಯ ಬಳಿ, ಯಾವ ಬಾಗಿಲಾಚೆಯೂ ಯಾರಿಗೂ ಭಯವಿಲ್ಲದಿರಲಿ. ಸಕಲ ಜೀವಿಗಳೂ ಒಂದೇ ಪಂಕ್ತಿಯಲ್ಲಿ ಸುಖವಾಗಿರಲಿ.